ನಿಂತು ನಿಂತು

ನನ್ನನ್ನು ಎತ್ತಲು ನಾಲ್ಕು ಜನ ಬೇಕು. ಇದು ನನ್ನ ತೂಕದ ಮಾತಲ್ಲ. ಗಾಲಿಕುರ್ಚಿ ಸಮೇತ ತೂಗಿದರೂ ನಾನು ಒಂದು ಮೂಟೆ ಸಿಮೆಂಟಿಗಿಂತ ತುಸು ಹೆಚ್ಚು, ಅಷ್ಟೇ. ಇಬ್ಬರು ಸಾಕು. ಆದರೆ ಪುಣ್ಯ ಬೇಕಾದವರು ಬಹಳ ಮಂದಿ, ಎತ್ತಿಸಿಕೊಳ್ಳುವವಳು ನಾನೊಬ್ಬಳೇ. ಹಾಗಾಗಿ ವಾರಕ್ಕೆ ನಾಲ್ವರಂತೆ ಹಂಚಿಕೊಂಡಿದ್ದಾರೆ.

ಪ್ರಾರ್ಥನಾ ಮಂದಿರಕ್ಕೆ ಒಂಬತ್ತು ಮೆಟ್ಟಿಲು. ಬಾಗಿಲ ಪಕ್ಕದ ಹಲಗೆಯ ಮೇಲೆ ಸೇವೆಗಳ ಪಟ್ಟಿ ಅಂಟಿಸಿರುತ್ತಾರೆ. ನೀರು ತುಂಬುವ ಸೇವೆ, ದೀಪ ಹಚ್ಚುವ ಸೇವೆ, ಕುರ್ಚಿ ಜೋಡಿಸುವ ಸೇವೆ. ಅದರ ಕೆಳಗೆ ಎತ್ತುವ ಸೇವೆ. ಯಾರನ್ನು ಎಂದು ಬರೆದಿಲ್ಲ. ಎಲ್ಲರಿಗೂ ಗೊತ್ತು.

ಒಬ್ಬ ಎಡಗಾಲಿ ಹಿಡಿಯುತ್ತಾನೆ, ಇನ್ನೊಬ್ಬ ಬಲಗಾಲಿ. ಮಿಕ್ಕ ಇಬ್ಬರಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಅವರು ನನ್ನನ್ನೇ ಹಿಡಿಯುತ್ತಾರೆ. ಕಂಕುಳಿಗೆ ಕೈ ಹಾಕುತ್ತಾರೆ. ತೊಡೆಯ ಕೆಳಗೆ ಕೈ ಕೊಡುತ್ತಾರೆ. ಬಟ್ಟೆ ಮೇಲೆ ಸರಿಯುತ್ತದೆ, ಎಳೆದುಕೊಳ್ಳೋಣವೆಂದರೆ ನನ್ನ ಕೈಗಳು ಅವರ ವಶದಲ್ಲಿರುತ್ತವೆ. ಐದನೇ ಮೆಟ್ಟಿಲಲ್ಲಿ ಯಾರದೋ ಬೆವರು ನನ್ನ ಕೆನ್ನೆಗೆ ತೊಟ್ಟಿಕ್ಕುತ್ತದೆ. ಮೇಲೆ ತಲುಪಿದ ಮೇಲೆ ನಾಲ್ವರೂ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾರೆ. ದೇವರಿಗೆ ಹಾಜರಿ ಹಾಕುವುದು. ಆಮೇಲೆ ಒಬ್ಬ ನನ್ನ ತಲೆ ಸವರಿ, "ಕಷ್ಟ ಆಯ್ತಾ ತಾಯಿ?" ಎನ್ನುತ್ತಾನೆ. ನನಗೆ ಮೂವತ್ತೆಂಟು ವರ್ಷ.

ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಾಕಿಸಿ ಎಂದು ಮೂರು ಸಲ ಅರ್ಜಿ ಕೊಟ್ಟೆ. ಮೂರನೆಯದಕ್ಕೆ ಉತ್ತರ ಬಂತು. ಮಂದಿರದ ಕಾರ್ಯದರ್ಶಿ ಬಟ್ಟೆ ಅಂಗಡಿಯವರು. ಮಾತನ್ನೂ ಬಟ್ಟೆಯ ಹಾಗೆ ಬಿಡಿಸಿ ಹಾಸಿ ತೋರಿಸುತ್ತಾರೆ. "ಹಾಕಿಸಬಹುದಮ್ಮ, ಅದೇನು ದೊಡ್ಡ ಕೆಲಸ ಅಲ್ಲ. ಆದ್ರೆ ನೋಡು, ಎತ್ತೋ ಸೇವೆ ನಿಂತುಹೋಗುತ್ತೆ. ಪಟ್ಟೀಲಿ ಬರೋ ಮಳೆಗಾಲದವರೆಗೆ ಹೆಸರು ಬರೆಸಿಬಿಟ್ಟಿದ್ದಾರೆ. ಅವರಿಗೆಲ್ಲ ಏನು ಹೇಳೋದು?" ಎಂದರು.

ಎಲ್ಲರೂ ಸ್ವರ್ಗಕ್ಕೆ ಹೋಗುವ ಏಣಿ ನಾನು. ಏಣಿಗೆ ಯಾರಾದರೂ ಇಳಿಜಾರು ಕಟ್ಟಿಸುತ್ತಾರೆಯೇ?

ಒಳಗೆ ಹೋದ ಮೇಲೂ ಸುಖವಿಲ್ಲ. ಮಂದಿರದಲ್ಲಿ ಓದುವ ಗ್ರಂಥದಲ್ಲಿ ಕುಂಟನೊಬ್ಬ ಎದ್ದು ಕುಣಿದ ಭಾಗವಿದೆ. ಅದು ಬಂದಾಗಲೆಲ್ಲ ಅರ್ಧ ಸಭೆ ತಿರುಗಿ ನನ್ನ ಕಾಲು ನೋಡುತ್ತದೆ. ಪವಾಡ ನಡೆದರೆ ತಪ್ಪಿಸಿಕೊಳ್ಳಬಾರದಲ್ಲ. ನಾನು ಕಾಲು ಅಲ್ಲಾಡಿಸುವುದಿಲ್ಲ. ಅಲ್ಲಾಡಿಸಲು ಬರುವುದೂ ಇಲ್ಲ. ಅವರು ನಿಟ್ಟುಸಿರು ಬಿಟ್ಟು ಮತ್ತೆ ಮುಂದೆ ತಿರುಗುತ್ತಾರೆ. ನನ್ನಿಂದ ಅವರ ನಂಬಿಕೆಗೆ ಪ್ರತಿ ಸಲವೂ ಸ್ವಲ್ಪ ಪೆಟ್ಟು ಬೀಳುತ್ತದೆ. ಅದೊಂದೇ ನನಗೆ ಸಮಾಧಾನ.

ಹಾಗಾದರೆ ಯಾಕೆ ಹೋಗುತ್ತೀ ಎಂದು ನೀವು ಕೇಳಬಹುದು. ಗ್ರಂಥಕ್ಕಾಗಿ ಹೋಗುತ್ತೇನೆ. ಅದರ ಭಾಷೆ ನನಗೆ ಇಷ್ಟ. ಎರಡನೆಯದು, ಅಮ್ಮ ಅಲ್ಲಿ ನೆಲ ಒರೆಸುತ್ತಾಳೆ. ಮೂವತ್ತು ವರ್ಷದಿಂದ ಒರೆಸುತ್ತಿದ್ದಾಳೆ. ಆ ನೆಲದ ಮೇಲೆ ನಮಗೆ ಸ್ವಲ್ಪವಾದರೂ ಹಕ್ಕಿದೆ ಎಂದು ನಾನು ತಿಳಿದಿದ್ದೆ.

ನನ್ನ ಕೆಲಸ ಪ್ರೆಸ್ಸಿನಲ್ಲಿ. ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುತ್ತೇನೆ. ದಿನಕ್ಕೆ ಮೂವತ್ತೆರಡು ಪುಟ. ಕೆಂಪು ಪೆನ್ಸಿಲು, ಅಡಿಪಟ್ಟಿ, ಒಂದು ಮೇಜು. ಅಡಿಪಟ್ಟಿಯನ್ನು ಒಂದೊಂದು ಸಾಲಿಗೂ ಕೆಳಗೆ ಸರಿಸುತ್ತ ಹೋಗಬೇಕು. ಸಂಜೆಯ ಹೊತ್ತಿಗೆ ಕಣ್ಣಿನಲ್ಲಿ ಮರಳು ಬಿದ್ದ ಹಾಗಿರುತ್ತದೆ, ಸೊಂಟ ನನ್ನದಲ್ಲ ಎನಿಸುತ್ತದೆ. ಆದರೂ ಅಲ್ಲಿ ನನ್ನ ತಲೆ ಸವರುವವರು ಯಾರೂ ಇಲ್ಲ. ತಪ್ಪು ಬಿಟ್ಟರೆ ಬೈಯುತ್ತಾರೆ. ಬೈಸಿಕೊಳ್ಳುವುದು ಎಷ್ಟು ಮರ್ಯಾದೆಯ ವಿಷಯ ಎಂದು ಎತ್ತಿಸಿಕೊಂಡವರಿಗೇ ಗೊತ್ತು. ಪ್ರೆಸ್ಸಿನ ಬಾಗಿಲಿಗೆ ಹೊಸ್ತಿಲಿಲ್ಲ. ಕಾಗದದ ತಳ್ಳುಗಾಡಿ ಒಳಗೆ ಬರಲೆಂದು ಯಜಮಾನರು ಕೀಳಿಸಿದ್ದರು. ಕಾಗದದ ದೆಸೆಯಿಂದ ನಾನೂ ಸರಾಗವಾಗಿ ಒಳಗೆ ಬರುತ್ತೇನೆ.

ಅದೇ ಮೇಜಿನಲ್ಲಿ ನನಗಿಂತ ಮೊದಲು ಅಪ್ಪ ಕೂರುತ್ತಿದ್ದ. ನಲವತ್ತು ವರ್ಷ ಕೂತ. ಅವನ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ದೀರ್ಘ ಹೊರಗೆ ಹೋಗುತ್ತಿರಲಿಲ್ಲ. ಮದುವೆ ಕರೆಯೋಲೆ ಬಂದರೆ ಮೊದಲು ತಪ್ಪು ಗುರುತಿಸಿ, ಆಮೇಲೆ ಯಾರ ಮದುವೆ ಎಂದು ನೋಡುತ್ತಿದ್ದ. ನನಗೆ ಓದು ಕಲಿಸಿದವನು ಅವನೇ. ಶಾಲೆಗೂ ಮೆಟ್ಟಿಲಿದ್ದವು. ಅವನು ಕಲಿಸಿದ ಮೊದಲ ಪಾಠವೇ ಇದು: "ಒಂದೇ ಪದ ಪಕ್ಕಪಕ್ಕ ಎರಡು ಸಲ ಬಂದ್ರೆ ಅಚ್ಚಿನ ಮೊಳೆ ಜೋಡಿಸೋನು ತೂಕಡಿಸಿದ್ದಾನೆ ಅಂತ ಅರ್ಥ. ಒಂದನ್ನ ಹೊಡಿ."

ಮೈಯಲ್ಲಿ ಕಸುವಿರುವವರೆಗೂ ಅಪ್ಪ ಮಂದಿರಕ್ಕೆ ನನ್ನನ್ನು ಬೆನ್ನ ಮೇಲೆ ಹೊತ್ತು ಹತ್ತುತ್ತಿದ್ದ. ಒಬ್ಬನೇ. ಒಂಬತ್ತು ಮೆಟ್ಟಿಲೂ ಒಂದೇ ಉಸಿರಿಗೆ. ಮೇಲೆ ಹೋಗಿ ಕಣ್ಣು ಮುಚ್ಚುತ್ತಿರಲಿಲ್ಲ, ತುಟಿ ಅಲ್ಲಾಡಿಸುತ್ತಿರಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾನು ಕೊನೆಯ ಸಾಲಿಗೆ ಹೋಗುತ್ತಿದ್ದ. ಆ ಬೆನ್ನಿನ ಮೇಲೆ ನನಗೆ ಒಂದು ದಿನವೂ ನಾಚಿಕೆಯಾಗಲಿಲ್ಲ. ಕೊನೆಗೆ ಭುಜ ಬಿದ್ದುಹೋಯಿತು. ಎತ್ತುವ ಸೇವೆ ಶುರುವಾದದ್ದು ಆಗ.

ಅಪ್ಪ ಸತ್ತಾಗ ನೆನಪಿನ ಓದು ಇತ್ತು. ಸತ್ತವರ ಮಕ್ಕಳು ಸಭೆಯ ಮುಂದೆ ಗ್ರಂಥದ ಒಂದು ಪುಟ ಓದಬೇಕು, ನಡುವೆ ಸತ್ತವರ ಹೆಸರು ಸೇರಿಸಬೇಕು. ವರ್ಷ ತುಂಬಿದಾಗ ಮತ್ತೊಮ್ಮೆ ಓದಬೇಕು. ಅಷ್ಟಕ್ಕೆ ಹೋದವರ ಲೆಕ್ಕ ಚುಕ್ತಾ ಎಂದು ನಂಬಿಕೆ. ಅಪ್ಪನಿಗೆ ಇದ್ದದ್ದು ನಾನೊಬ್ಬಳೇ. ಪುಟ ನನಗೆ ಬಾಯಿಪಾಠ. ನಾನು ಗಾಲಿ ತಳ್ಳಿಕೊಂಡು ಮುಂದೆ ಹೋದೆ. ಕಾರ್ಯದರ್ಶಿ ಅಡ್ಡ ಬಂದರು.

"ಗ್ರಂಥ ನಿಂತು ಓದ್ಬೇಕಮ್ಮ."

"ನನಗೆ ನಿಲ್ಲೋಕೆ ಬರಲ್ಲ."

"ಗೊತ್ತು. ಅದಕ್ಕೇ ಬೇರೆಯವರ ಕೈಲಿ ಓದಿಸ್ತೀವಿ. ನೀನೇನೂ ಯೋಚನೆ ಮಾಡ್ಬೇಡ."

ಗೋಡೆಯ ಮೇಲೆ ಓದುವವರಿಗೆ ಸೂಚನೆಗಳು ಎಂಬ ಫಲಕವಿದೆ. ಗ್ರಂಥದ ಕೊನೆಯ ಪುಟದಿಂದ ಎತ್ತಿ ಬರೆಸಿದ್ದು. ಮಂದಿರ ಕಟ್ಟಿದ ಮೊದಲನೆಯ ಗುರುಗಳ ಮಾತು. ಮೂರನೆಯ ಸೂಚನೆ: 'ಗ್ರಂಥವನ್ನು ನಿಂತು ಓದತಕ್ಕದ್ದು. ಅವಸರ ಕೂಡದು.' ಓದುವವರು ನಿಂತಾಗ ಕೇಳುವವರೂ ಎದ್ದು ನಿಲ್ಲುವುದು ರೂಢಿ. ನಿಲ್ಲುವುದಕ್ಕೂ ಅವಸರಕ್ಕೂ ಏನು ಸಂಬಂಧ ಎಂದು ಯಾರೂ ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ.

ಅಪ್ಪನ ಪುಟ ಓದಿದ್ದು ಮೈಕು. ಅವನು ಕಾರ್ಯದರ್ಶಿಯ ಭಾವಮೈದುನ, ಟೈರು ರಿಪೇರಿಯವನು. ನನ್ನ ಗಾಲಿಗೆ ಪಂಚರ್ ಹಾಕುವವನೂ ಅವನೇ. ದೊಡ್ಡ ಗಂಟಲು, ಅದಕ್ಕೇ ಆ ಹೆಸರು. ಒಳ್ಳೆಯವನು, ಆದರೆ ಅಕ್ಷರಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. 'ಸತ್ಯವಂತ' ಎಂಬಲ್ಲಿ 'ಸತ್ತವಂತ' ಎಂದ. ಶಾಂತಿಯ ನೆಲೆ ಸಿಗಲಿ ಎಂಬಲ್ಲಿ ಶಾಂತಿಯ ನೆಲ ಸಿಗಲಿ ಎಂದ. ಮೂಲೆಯಲ್ಲಿ ನಿಂತಿದ್ದ ಅಮ್ಮ ನೆಲ ಎಂದೊಡನೆ ತಲೆಯೆತ್ತಿ ಎಲ್ಲಿ ಕೊಳೆಯಾಗಿದೆ ಎಂದು ನೋಡಿದಳು. ಒಟ್ಟು ಹನ್ನೊಂದು ತಪ್ಪು. ಮುಚ್ಚಿದ ಬಟ್ಟೆಯ ಕೆಳಗಿಂದ ಅಪ್ಪ ಎದ್ದು ಕೂತು ಕೆಂಪು ಪೆನ್ಸಿಲ್ ಕೇಳುತ್ತಾನೆ ಎಂದುಕೊಂಡೆ. ಏಳಲಿಲ್ಲ. ನಾನು ಅತ್ತದ್ದು ಅವನು ಸತ್ತದ್ದಕ್ಕಲ್ಲ, ಆ ಹನ್ನೊಂದು ತಪ್ಪಿಗೆ. ವರ್ಷದ ಓದನ್ನು ನಾನೇ ಓದುತ್ತೇನೆ ಎಂದು ಅವತ್ತೇ ಹಟ ಹಿಡಿದೆ. ಹೇಗೆ ಎಂದು ಗೊತ್ತಿರಲಿಲ್ಲ.

ವರ್ಷ ತುಂಬಲು ಎರಡು ತಿಂಗಳಿತ್ತು. ಗ್ರಂಥದ ಹೊಸ ಮುದ್ರಣ ನಮ್ಮ ಪ್ರೆಸ್ಸಿಗೇ ಬಂತು. ಹಳೆಯದನ್ನೇ ಅಚ್ಚು ತೆಗೆದು ತೆಗೆದು ಅಕ್ಷರ ಮಸುಕಾಗಿದ್ದವು. ಈ ಸಲ ಹೊಸದಾಗಿ ಟೈಪು ಮಾಡಿಸಬೇಕು, ಕರಡು ನೋಡಬೇಕು. ಕಾರ್ಯದರ್ಶಿ ನನ್ನ ಮೇಜಿನ ಬಳಿ ಬಂದು, "ನಿನ್ನ ಪಾಲಿನ ಸೇವೆ ಅಂತ ತಿಳ್ಕೋ," ಎಂದರು. ಪುಕ್ಕಟೆ ದುಡಿಸಿಕೊಳ್ಳುವುದಕ್ಕೆ ಅಂಥ ಚಂದದ ಹೆಸರು ಬೇರೆ ಇಲ್ಲ. ಆಗಲಿ ಎಂದೆ.

ಕರಡು ನೋಡುವಾಗ ಮೂಲ ಪಕ್ಕದಲ್ಲಿರಬೇಕು. ಯಜಮಾನರನ್ನು ಕೇಳಿದೆ. ಈ ಪ್ರೆಸ್ಸಿನಲ್ಲಿ ಏನನ್ನೂ ಎಸೆಯುವುದಿಲ್ಲ. ಅಟ್ಟದಲ್ಲಿ ಯಜಮಾನರ ಅಪ್ಪನ ಕಾಲದ ಹಲ್ಲುಕಡ್ಡಿ ಹುಡುಕಿದರೂ ಸಿಗಬಹುದು. ಅವರು ಏಣಿ ಹಾಕಿ ಹತ್ತಿ, ಸೀನುತ್ತ ಒಂದು ಗಂಟು ಕೆಳಗೆ ಎಸೆದರು. ಅದರಲ್ಲಿ ಗ್ರಂಥದ ಮೊದಲ ಮುದ್ರಣವಿತ್ತು. ಜೊತೆಗೆ ಎರಡನೇ ಮುದ್ರಣದ ಕರಡು, ದಾರ ಕಟ್ಟಿ ಇಟ್ಟದ್ದು, ಮೂವತ್ತೊಂಬತ್ತು ವರ್ಷದ ಹಿಂದಿನದು. ತಿದ್ದಿದ ಕೈ ಅಪ್ಪನದು. ಆಗ ಅವನಿಗೆ ಇಪ್ಪತ್ನಾಲ್ಕು. ನಾನು ಇನ್ನೂ ಹುಟ್ಟಿರಲಿಲ್ಲ.

ಮೂರು ವಾರ ಅವನ ತಿದ್ದುಪಡಿಗಳ ಜೊತೆ ಕೂತೆ. ಎಷ್ಟು ಚೊಕ್ಕ ಕೈ! ಹೆಮ್ಮೆಯಾಗುತ್ತಿತ್ತು. ಕೊನೆಯ ಪುಟಕ್ಕೆ ಬಂದೆ. ಓದುವವರಿಗೆ ಸೂಚನೆಗಳು. ಮೂರನೆಯದು.

ಮೊದಲ ಮುದ್ರಣದಲ್ಲಿ ಹೀಗಿತ್ತು: 'ಗ್ರಂಥವನ್ನು ನಿಂತು ನಿಂತು ಓದತಕ್ಕದ್ದು. ಅವಸರ ಕೂಡದು.'

ಕರಡಿನಲ್ಲಿ ಒಂದು 'ನಿಂತು' ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಅಪ್ಪನ ಅಕ್ಷರ: 'ದ್ವಿರುಕ್ತಿ. ಒಂದು ಸಾಕು.' ಕೆಳಗೆ ಸಹಿ.

ಅಡಿಪಟ್ಟಿ ಕೈಯಿಂದ ಜಾರಿತು. ನಿಂತು ನಿಂತು ಓದು ಎಂದರೆ ತಡೆದು ತಡೆದು ಓದು. ಒಂದು ಮಾತು ಓದು, ನಿಲ್ಲು, ಕೇಳುವವನ ಒಳಗೆ ಅದು ಇಳಿಯಲಿ, ಮತ್ತೆ ಓದು. ಅವಸರ ಕೂಡದು. ಮೊದಲನೆಯ ಗುರುಗಳು ಕಾಲಿನ ಮಾತೇ ಆಡಿರಲಿಲ್ಲ. ನಾಲಿಗೆಯ ಮಾತು ಆಡಿದ್ದರು. ನನ್ನಪ್ಪ ಅದನ್ನು ಕಾಲಿಗೆ ಇಳಿಸಿದ.

ಮೊದಲು ನಗು ಬಂತು. ಮೂವತ್ತೊಂಬತ್ತು ವರ್ಷದಿಂದ ಇಡೀ ಮಂದಿರ ಒಂದು ಪೆನ್ಸಿಲ್ ಗೆರೆಗೆ ಹೆದರಿ ಎದ್ದು ನಿಂತಿದೆ! ಗುರುಗಳ ಮಾತನ್ನು ಅಕ್ಷರಶಃ ಪಾಲಿಸಿದವನು ಮೈಕು ಒಬ್ಬನೇ. ಅವನು ಎಡವಿ ಎಡವಿ ನಿಂತು ನಿಂತೇ ಓದುತ್ತಾನೆ. ನಾನು ಒಬ್ಬಳೇ ಮೇಜು ಗುದ್ದಿ ನಕ್ಕೆ. ಯಜಮಾನರು ಇಣುಕಿ ನೋಡಿ ಹೋದರು.

ಆಮೇಲೆ ಸಿಟ್ಟು ಬಂತು. ಅಪ್ಪನ ಮೇಲೆ. ನಲವತ್ತು ವರ್ಷದ ತಪ್ಪುಗಳನ್ನೆಲ್ಲ ಪುಟದ ಸಂಖ್ಯೆ ಸಮೇತ ನೆನಪಿಟ್ಟವನು ಇದನ್ನು ಮರೆತನೇ? ವಾರ ವಾರ ನನ್ನನ್ನು ಹೊತ್ತು ಹತ್ತಿಸಿದ. ನಾನು ಚೆನ್ನಾಗಿ ಓದುತ್ತೇನೆ ಎಂದು ಅವನಿಗೆ ಗೊತ್ತಿತ್ತು. ನನಗೆ ಯಾಕೆ ಓದಲು ಕೊಡುವುದಿಲ್ಲ ಎಂದು ಹತ್ತು ವರ್ಷದವಳಿದ್ದಾಗ ಅವನನ್ನೇ ಕೇಳಿದ್ದೆ. "ನಿಯಮ ಮಗಾ," ಎಂದಿದ್ದ. ಗೋಡೆ ನೋಡಿಕೊಂಡು ಹೇಳಿದ್ದ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳಿಗೆ ಓದಲು ಬರುವುದಿಲ್ಲ. ಒರೆಸುವ ಬಟ್ಟೆಗಳನ್ನು ಹಿಂಡಿ ಒಣಹಾಕುತ್ತಿದ್ದವಳು ಹಾಗೇ ಕೂತುಬಿಟ್ಟಳು.

"ನಿಂತು ನಿಂತು ಅಂತ ಬರೆದಿತ್ತಾ?"

"ಹೂಂ."

"ಅಯ್ಯೋ ಕರ್ಮವೇ. ನಿದ್ದೆಗಣ್ಣಲ್ಲಿ ನಿಮ್ಮಪ್ಪ ಹಂಗೇ ಬಡಬಡಿಸ್ತಿದ್ರು ಕಣೇ. ನಿಂತು ನಿಂತು, ನಿಂತು ನಿಂತು ಅಂತ. ನಿನ್ನ ಹೊತ್ತು ಹೊತ್ತು ಕಾಲು ನೋಯ್ತಿದೆ ಅಂದ್ಕೊಂಡು ನಾನು ಎಣ್ಣೆ ತಿಕ್ತಿದ್ದೆ."

ಹಾಗಾದರೆ ಅಪ್ಪ ಮರೆತಿರಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪಾಯಿತು ಎನ್ನುವ ಬದಲು ಇಪ್ಪತ್ತಾರು ವರ್ಷ ನನ್ನನ್ನು ಹೊತ್ತ. ಅದು ಪ್ರೀತಿಯೋ ದಂಡವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

"ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಮಂದಿರದಲ್ಲಿ ಕೂತೇ ಓದ್ತಿದ್ರು," ಎಂದಳು ಅಮ್ಮ. "ಓದೋದಕ್ಕೆ ಅಂತಾನೇ ಒಂದು ಕುರ್ಚಿ ಇತ್ತು. ಹೊಸ ಪುಸ್ತಕ ಬಂದ ಮೇಲೆ ಅದು ಕಾಣಲಿಲ್ಲ. ರಿಪೇರಿಗೆ ಹೋಗಿದೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನನ್ನ ಪೊರಕೆ ಕೋಣೇಲಿ ಬಿದ್ದಿದೆ. ಈಗ್ಲೂ ಬಕೆಟ್ಟು ಇಡೋದು ಅದರ ಮೇಲೇ."

"ನಾಳೆ ಎಲ್ಲರಿಗೂ ಹೇಳ್ತೀನಿ."

ಅವಳ ಮುಖ ಗಟ್ಟಿಯಾಯಿತು. "ಬೇಡ. ಅವರಿಗೆ ಇದ್ದದ್ದು ಅದೊಂದೇ ಹೆಸರು. ಒಂದು ತಪ್ಪು ಬಿಡದ ಮನುಷ್ಯ ಅಂತ. ಸತ್ತ ಮೇಲೆ ಅದನ್ನೂ ಕಿತ್ಕೋಬೇಡ."

"ನನ್ನದನ್ನ ಕಿತ್ಕೊಂಡ್ರಲ್ಲ?"

ಅಮ್ಮ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು.

ಗುರುಗಳಿಗೂ ಕಾರ್ಯದರ್ಶಿಗೂ ಪ್ರೆಸ್ಸಿಗೇ ಬರುವಂತೆ ಹೇಳಿಕಳಿಸಿದೆ. ಮಂದಿರದ ಕಚೇರಿ ಇನ್ನೊಂದು ಮಹಡಿ ಮೇಲಿದೆ, ಅದಕ್ಕೆ ಬೇರೆ ನಾಲ್ವರು ಬೇಕು. ಅವರು ಬಂದರು. ಈಗಿನ ಗುರುಗಳು ಸೌಮ್ಯ ಮನುಷ್ಯ. ಯಾರನ್ನೂ ನೋಯಿಸದೆ ಇಲ್ಲ ಎನ್ನುವುದರಲ್ಲಿ ನಿಸ್ಸೀಮರು. ಮೊದಲ ಮುದ್ರಣವನ್ನೂ ಕರಡನ್ನೂ ಅವರ ಮುಂದೆ ಬಿಚ್ಚಿಟ್ಟೆ.

"ಎರಡು ಸಲ ಬಿದ್ದಿದೆ. ಅಚ್ಚಿನ ತಪ್ಪು," ಎಂದರು ಗುರುಗಳು.

"ನಿಮ್ಮಪ್ಪನೇ ತಿದ್ದಿದ್ದಾರಲ್ಲ," ಎಂದರು ಕಾರ್ಯದರ್ಶಿ. "ಅಂಥಾ ದೊಡ್ಡ ಮನುಷ್ಯ. ಮಗಳಾಗಿ ನೀನೇ ಹಿಂಗಂದ್ರೆ ಹೆಂಗೆ?"

"ಮನೆ ಮನೆ ತಿರುಗಿ ಚಂದಾ ಎತ್ತಿ ಅಂತ ನೀವು ಚೀಟಿ ಬರೆದು ಕಳಿಸ್ತೀರಲ್ಲ ಸಾರ್, ಜನ ಒಂದೇ ಮನೆಗೆ ಹೋಗಿ ವಾಪಸ್ ಬರ್ತಾರಾ?"

ಯಜಮಾನರು ಮುಖ ತಿರುಗಿಸಿ ಕೆಮ್ಮಿದರು.

"ಗ್ರಂಥದ ಮೊದಲನೇ ಸಾಲು ನೋಡಿ. ದೇವರು ಎಲ್ಲೆಲ್ಲೂ ಇದ್ದಾನೆ. ಅದೂ ದ್ವಿರುಕ್ತೀನೇ. ಅಪ್ಪನ ಲೆಕ್ಕದಲ್ಲಿ ಒಂದು ಸಾಕು. ಎಲ್ಲೂ ಅಂತ ಮಾಡಿಬಿಡ್ಲಾ? ಎಲ್ಲೂ ಇಲ್ಲ ಅನ್ನೋಕೆ ಆಮೇಲೆ ಒಂದೇ ಪದ ಬೇಕು."

"ನಾಲಿಗೆ ಬಿಗಿ ಹಿಡಿಯಮ್ಮ," ಎಂದರು ಕಾರ್ಯದರ್ಶಿ.

ಗುರುಗಳು ಕೈಯೆತ್ತಿ ಅವರನ್ನು ತಡೆದರು. ಪುಟವನ್ನು ಮತ್ತೊಮ್ಮೆ ಓದಿದರು. ಅವರಿಗೆ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. "ನೀನು ಹೇಳೋದ್ರಲ್ಲಿ ವ್ಯಾಕರಣ ಇದೆ," ಎಂದರು. "ಆದ್ರೆ ಇದು ವ್ಯಾಕರಣದ ಪ್ರಶ್ನೆ ಅಲ್ಲಮ್ಮ. ಇಷ್ಟು ವರ್ಷ ನಿಂತು ಓದಿದ್ದಾರೆ. ಹಿರಿಯರು ಕಾಲು ನೋವಲ್ಲೂ ನಿಂತಿದ್ದಾರೆ. ಅವರೆಲ್ಲ ಸುಮ್ನೆ ನಿಂತಿದ್ರು ಅಂತ ಹೇಳೋಕಾಗುತ್ತಾ? ನಿನಗೆ ದೇವರು ಬೇರೆ ಸ್ಥಾನ ಕೊಟ್ಟಿದ್ದಾನೆ. ನಿನ್ನನ್ನ ಎತ್ತೋ ಪ್ರತಿ ಕೈಗೂ ನೀನು ಪಾಠ ಕಲಿಸ್ತೀಯ. ಓದೋದಕ್ಕಿಂತ ಅದು ದೊಡ್ಡದು."

"ಗುರುಗಳೇ, ನಾನು ನಿಮ್ಮ ವ್ಯಾಯಾಮದ ಗುಂಡುಕಲ್ಲಲ್ಲ," ಎಂದೆ. "ಪಾಠ ಸಾಕು. ಈ ವಾರದಿಂದ ನನ್ನನ್ನ ಯಾರೂ ಮುಟ್ಟಬಾರದು. ಪಟ್ಟಿ ಹರಿದು ಹಾಕಿ."

"ಹಾಗಾದ್ರೆ ಒಳಗೆ ಹೇಗೆ ಬರ್ತೀಯ?"

"ಅದು ನಿಮ್ಮ ಯೋಚನೆ. ಮೆಟ್ಟಿಲು ಕಟ್ಟಿಸಿದ್ದು ನಾನಲ್ಲ."

ಅವರು ಎದ್ದರು. ಹೋಗುವಾಗ ಕಾರ್ಯದರ್ಶಿ ಯಜಮಾನರಿಗೆ, "ಒಂದೇ 'ನಿಂತು' ಇರಲಿ," ಎಂದು ಅಪ್ಪಣೆ ಕೊಟ್ಟರು.

ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇದೆ. ಪುಟದ ಕೆಳಗೆ 'ಅಚ್ಚಿಗೆ ಹೋಗಲಿ' ಎಂದು ಕರಡು ನೋಡಿದವರ ಸಹಿ ಬೀಳದೆ ಯಂತ್ರ ತಿರುಗುವುದಿಲ್ಲ. ಅಪ್ಪನ ಕಾಲದಿಂದಲೂ ಹಾಗೇ. ಕೊನೆಯ ಪುಟ ನನ್ನ ಮುಂದೆ ಇಡೀ ದಿನ ಇತ್ತು. ಯಜಮಾನರು ನಾಲ್ಕು ಸಲ ಬಂದು ಹೋದರು.

ಅಮ್ಮನ ಮುಖ ಕಣ್ಣ ಮುಂದೆ ಬಂತು. ಅಪ್ಪನ ಬೆನ್ನು ನೆನಪಾಯಿತು, ಬೆವರಿಗೆ ಅಂಟಿದ ಅಂಗಿ, ಒಂದೇ ಉಸಿರು. ಆಮೇಲೆ ಹನ್ನೊಂದು ತಪ್ಪು ನೆನಪಾದವು. ಕೆಂಪು ಪೆನ್ಸಿಲು ತೆಗೆದುಕೊಂಡೆ. ಬಿಟ್ಟುಹೋದ ಜಾಗದಲ್ಲಿ ಗುರುತು ಹಾಕಿ ಇನ್ನೊಂದು 'ನಿಂತು' ಸೇರಿಸಿದೆ. ಪಕ್ಕದಲ್ಲಿ ಬರೆದೆ: 'ಮೂಲದಂತೆ. ಹಿಂದೆ ತಿದ್ದಿದವರ ತಪ್ಪು. ಒಂದು ಸಾಲದು.' ಕೆಳಗೆ ಸಹಿ ಹಾಕಿದೆ. ಅಪ್ಪನನ್ನು ತಿದ್ದಿದ್ದು ಅದೇ ಮೊದಲು.

ಯಜಮಾನರು ಓದಿದರು. "ನೀನು ಕರಡು ನೋಡೋಳು. ಬೈಸಿಕೊಳ್ಳೋನು ನಾನು," ಎಂದರು.

"ಬೇರೆಯವರ ಕೈಲಿ ಸಹಿ ಹಾಕಿಸಿ ಹಾಗಾದ್ರೆ."

"ಬೇರೆ ಯಾರಿದ್ದಾರೆ ಇಲ್ಲಿ?" ಅವರು ತಲೆ ಕೆರೆದುಕೊಂಡರು. "ಮೂಲದಲ್ಲಿ ಇದ್ದದ್ದು ಇರಬೇಕು. ಅದು ಧಂದೆಯ ನಿಯಮ. ಅವರ ನಿಯಮ ಅವರು ನೋಡ್ಕೊಳ್ಲಿ." ಪುಟವನ್ನು ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಕೇಳಿತು.

ಸಾವಿರ ಪ್ರತಿ ಹೋದವು. ಎರಡೇ ದಿನದಲ್ಲಿ ಗುಟ್ಟು ಬಯಲಾಯಿತು. ಕಾರ್ಯದರ್ಶಿ ಯಜಮಾನರಿಗೆ ಫೋನಿನಲ್ಲಿ ಬೈದದ್ದು ನನ್ನ ಮೇಜಿನವರೆಗೂ ಕೇಳಿಸಿತು. ಮಂದಿರದ ಹಲಗೆಗೆ ಹೊಸ ಸೇವೆ ಸೇರಿತು: ಮಸಿ ಬಳಿಯುವ ಸೇವೆ. ಎತ್ತುವ ಸೇವೆಯವರು ಖಾಲಿ ಇದ್ದರಲ್ಲ, ಅವರನ್ನೇ ಕೂರಿಸಿದರು. ಸಾವಿರ ಪುಸ್ತಕದಲ್ಲೂ ಒಂದೊಂದು 'ನಿಂತು' ಅಳಿಸಬೇಕು. ಭಾರ ಎತ್ತಿ ರೂಢಿಯಾದ ಕೈ, ಪೆನ್ನು ಹಿಡಿದರೆ ಏನಾಗಬೇಕು? ಕೆಲವು ಪ್ರತಿಗಳಲ್ಲಿ ಎರಡೂ 'ನಿಂತು' ಮುಳುಗಿ 'ಗ್ರಂಥವನ್ನು ಓದತಕ್ಕದ್ದು' ಎಂದಷ್ಟೇ ಉಳಿಯಿತು. ಇನ್ನು ಕೆಲವುಗಳಲ್ಲಿ 'ಓದತಕ್ಕದ್ದು' ಹೋಗಿ, ಗ್ರಂಥ ಹಿಡಿದು ಸುಮ್ಮನೆ ನಿಲ್ಲಬೇಕಾಯಿತು. ನೆಲಕ್ಕೆ ಬಿದ್ದ ಮಸಿಯನ್ನು ಅಮ್ಮ ಎರಡು ದಿನ ಉಜ್ಜಿದಳು. ಮಂಡಿ ಊದಿತು.

ಅಲ್ಲಿಯವರೆಗೆ ಕೊನೆಯ ಪುಟವನ್ನು ಯಾರೂ ಓದುತ್ತಿರಲಿಲ್ಲ. ಈಗ ಎಲ್ಲರೂ ಮೊದಲು ಅದನ್ನೇ ತೆರೆದು ಬೆಳಕಿಗೆ ಹಿಡಿದು ನೋಡತೊಡಗಿದರು.

ವರ್ಷ ತುಂಬಿದ ದಿನ ಬೆಳಿಗ್ಗೆ ಮೆಟ್ಟಿಲ ಬುಡಕ್ಕೆ ಹೋದೆ. ಮಡಿಲಲ್ಲಿ ಮೊದಲ ಮುದ್ರಣ. ನಾಲ್ವರು ಅಭ್ಯಾಸಬಲದಿಂದ ಇಳಿದು ಬಂದು ಅಂಗಿಯ ತೋಳು ಮಡಚಿದರು.

"ಮುಟ್ಟಬೇಡಿ," ಎಂದೆ.

"ಇವತ್ತು ನಿಮ್ಮಪ್ಪನ ಓದು, ತಾಯಿ."

"ಅದಕ್ಕೇ."

ಆದರೂ ಒಬ್ಬ ಕೈ ಚಾಚಿದ. "ಕಚ್ತೀನಿ," ಎಂದೆ. ನಾನು ತಮಾಷೆ ಮಾಡುತ್ತಿಲ್ಲ ಎಂದು ಅವನಿಗೆ ನನ್ನ ಹಲ್ಲು ನೋಡಿ ತಿಳಿದಿರಬೇಕು. ನಾಲ್ವರೂ ಹಿಂದೆ ಸರಿದು ಕೈಗಳನ್ನು ಎಲ್ಲಿಡುವುದೆಂದು ತೋಚದೆ ನಿಂತರು. ನಾನು ಗಾಲಿಗೆ ಬ್ರೇಕು ಹಾಕಿದೆ.

ಒಳಗೆ ಗಂಟೆಯಾಯಿತು. ಮೈಕು ಓದಲು ಎದ್ದ. ಬಾಗಿಲು ತೆರೆದೇ ಇತ್ತು. ಅವನ ಗಂಟಲಿಗೆ ಒಂಬತ್ತು ಮೆಟ್ಟಿಲು ಯಾವ ಲೆಕ್ಕ. "ಬಂದವರು... ಬಂದವರೆಲ್ಲ..." ಎಂದ. ಎಡವಿದ. ನಿಂತ.

ಆ ಸಂದಿನಲ್ಲಿ ನಾನು ಓದಿದೆ. ಗಟ್ಟಿಯಾಗಿ. "ಬಂದವರೆಲ್ಲ ಹೊರಡುವರು."

ಒಳಗೆ ಕಾರ್ಯದರ್ಶಿ ಏನೋ ಗದರಿದ್ದು ಕೇಳಿಸಿತು. ನಾನು ನಿಲ್ಲಿಸಿ ಕಾದೆ. ಆಮೇಲೆ ಮೈಕಿನ ಗಂಟಲು: "ಬಂದವರೆಲ್ಲ ಹೊರಡುವರು."

ತಪ್ಪಿಲ್ಲದೆ ಹೇಳಿದ. ಅವನಿಗೇ ಖುಷಿಯಾಗಿರಬೇಕು. ಮುಂದಿನ ಸಾಲನ್ನು ಅವನು ಪುಸ್ತಕದಲ್ಲಿ ಹುಡುಕಲೇ ಇಲ್ಲ, ಬಾಗಿಲ ಕಡೆ ತಿರುಗಿ ಕಾದ. ನಾನು ಓದಿದೆ. ಅವನು ಹೇಳಿದ. ನಾನು ಓದಿದೆ. ಅವನು ಹೇಳಿದ. ಗುರುಗಳು ಬಾಗಿಲಿಗೆ ಬಂದರು. ನನ್ನನ್ನೂ ಆ ನಾಲ್ವರನ್ನೂ ನೋಡಿದರು. ನಾಲ್ವರು ನೆಲ ನೋಡಿದರು.

ಅಷ್ಟರಲ್ಲಿ ಅವರ ಪಕ್ಕದಿಂದ ನುಸುಳಿ ಅಮ್ಮ ಬಂದಳು. ತಲೆಯ ಮೇಲೆ ಒಂದು ಹಳೆಯ ಮರದ ಕುರ್ಚಿ. ಸೀಟಿನ ಮೇಲೆ ಬಕೆಟ್ಟಿನ ದುಂಡನೆಯ ಕಲೆ. ಊದಿದ ಮಂಡಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿದಳು. ಹಿಡಿದುಕೊಳ್ಳಲು ಮುಂದೆ ಬಂದ ಒಬ್ಬನನ್ನು ಮೊಣಕೈಯಿಂದ ತಳ್ಳಿದಳು. ನನ್ನ ಪಕ್ಕದಲ್ಲಿ ಕುರ್ಚಿ ಇಟ್ಟಳು, ಸೆರಗಿನಿಂದ ಒರೆಸಿದಳು, ಕೂತಳು. ಮೂವತ್ತು ವರ್ಷದಲ್ಲಿ ಆ ಮಂದಿರದ ಕುರ್ಚಿಯೊಂದರ ಮೇಲೆ ಅವಳು ಕೂತದ್ದು ನಾನು ನೋಡಿರಲಿಲ್ಲ.

"ಅಮ್ಮ, ಎದ್ದೇಳಮ್ಮ," ಎಂದರು ಗುರುಗಳು ಮೇಲಿನಿಂದ. "ಗ್ರಂಥ ಓದ್ತಿದ್ದಾರೆ."

"ಗೊತ್ತು ಸ್ವಾಮಿ," ಎಂದಳು ಅಮ್ಮ. "ಅದಕ್ಕೇ ಕೂತಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿ, "ಅವರ ಹೆಸರು ಸರಿಯಾಗಿ ಓದು. ಅವಸರ ಮಾಡ್ಬೇಡ," ಎಂದಳು.

ಪುಟದ ನಡುವೆ ಬಂದೆ. ಹೆಸರು ಸೇರಿಸುವ ಜಾಗ. ಮೇಲೆ ಮೈಕು ಕಾಯುತ್ತಿದ್ದ. ಸಭೆ ಕಾಯುತ್ತಿತ್ತು. ತಪ್ಪು ಮಾಡಿದ ಅಪ್ಪ, ಹೊತ್ತ ಅಪ್ಪ, ಒಂದು ಸಾಕು ಎಂದ ಅಪ್ಪ. ಹೆಸರನ್ನು ಒಂದೇ ಒಂದು ದೀರ್ಘವೂ ಜಾರದ ಹಾಗೆ ಓದಿದೆ.

ಅಲ್ಲಿ ನಿಂತೆ.

ಮುಂದಿನ ಸಾಲು ಓದಿದೆ. ಮತ್ತೆ ನಿಂತೆ.